ತಪಸ್ಸುಕಾಲದ ಮೂರನೇ ವಾರ: ನಾನು ಅದನ್ನು ದಾಟುವ ಬಗೆ

ತಪಸ್ಸುಕಾಲವೆಂದರೆ ಈಸ್ಟರ್ ಹಬ್ಬಕ್ಕೆ ಮುಂಚೆ ಕ್ರೈಸ್ತರು ಪಾಲಿಸುವ ಉಪವಾಸ, ಪ್ರಾರ್ಥನೆಯ ಕಾಲ. ಅದು ಶುರುವಾಗುವ ಬೂದಿ ಬುಧವಾರ ಹಣೆಗೆ ಬೂದಿ ಹಚ್ಚಿಸಿಕೊಂಡು ಬರುವಾಗ ಎಲ್ಲರಲ್ಲೂ ಹುಮ್ಮಸ್ಸಿರುತ್ತದೆ. ಈಸ್ಟರ್‌ಗೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹೊತ್ತಿಗೆ ಹಬ್ಬ ಹತ್ತಿರ ಬಂತೆಂದು ಮತ್ತೆ ಚುರುಕಾಗುತ್ತೇವೆ. ಸೋಲುವುದು ನಡುವೆ, ಮೂರನೇ ವಾರದ ಆಸುಪಾಸಿನಲ್ಲಿ. ಆಗ ಹೊಸತನ ಮಾಸಿರುತ್ತದೆ, ಈಸ್ಟರ್ ಇನ್ನೂ ದೂರವಿರುತ್ತದೆ. ಅದಕ್ಕೇ ಹಲವು ವರ್ಷಗಳಿಂದ ನನ್ನ ತಪಸ್ಸುಕಾಲದ ಲೆಕ್ಕವನ್ನೆಲ್ಲ ಆ ಮೂರನೇ ವಾರವನ್ನು ಕಣ್ಣ ಮುಂದೆ ಇಟ್ಟುಕೊಂಡೇ ಹಾಕುತ್ತೇನೆ.

ಮೊದಲು ದಿನಗಳ ಎಣಿಕೆ. ಬೂದಿ ಬುಧವಾರದಿಂದ ಈಸ್ಟರ್‌ನ ಹಿಂದಿನ ದಿನವಾದ ಪವಿತ್ರ ಶನಿವಾರದವರೆಗೆ 46 ದಿನ. ಆರು ಭಾನುವಾರಗಳನ್ನು ಕಳೆದರೆ 40. ಭಾನುವಾರ ಯೇಸುಸ್ವಾಮಿಯ ಪುನರುತ್ಥಾನದ ದಿನವಾದ್ದರಿಂದ ಅಂದು ಉಪವಾಸವಿಲ್ಲ. ಇಲ್ಲೊಂದು ಎಚ್ಚರಿಕೆ ಬೇಕು. ಭಾನುವಾರ ಪೂರ್ತಿ ಸಡಿಲ ಬಿಟ್ಟರೆ ಸೋಮವಾರ ಮತ್ತೆ ಶುರುಮಾಡುವುದು ಬಲು ಕಷ್ಟ. ನಾನು ಭಾನುವಾರ ಊಟದ ನಿಯಮ ಮಾತ್ರ ಬಿಡುತ್ತೇನೆ, ಪ್ರಾರ್ಥನೆಯ ಹೊತ್ತನ್ನು ಬಿಡುವುದಿಲ್ಲ.

ಸಂಕಲ್ಪ ಮೂರೇ ಇರಲಿ: ಪ್ರಾರ್ಥನೆಗೆ ಒಂದು, ಉಪವಾಸಕ್ಕೆ ಒಂದು, ದಾನಕ್ಕೆ ಒಂದು. ಬೂದಿ ಬುಧವಾರ ಓದುವ ಮತ್ತಾಯನ ಶುಭಸಂದೇಶದ 6ನೇ ಅಧ್ಯಾಯದಲ್ಲಿ ಯೇಸುಸ್ವಾಮಿ ಹೇಳುವುದೂ ಈ ಮೂರನ್ನೇ, ಅದರಲ್ಲೂ ಗುಟ್ಟಾಗಿ ಮಾಡಲು. ಒಂದು ಹಾಳೆಯಲ್ಲಿ ಅವನ್ನು ಬರೆದಿಡುತ್ತೇನೆ. ‘ಹೆಚ್ಚು ಪ್ರಾರ್ಥಿಸುತ್ತೇನೆ’ ಎಂದು ಬರೆದರೆ ಅದು ಆಸೆ, ಸಂಕಲ್ಪವಲ್ಲ. ‘ಬೆಳಿಗ್ಗೆ 5.45ಕ್ಕೆ, ಕಿಟಕಿ ಪಕ್ಕದ ಕುರ್ಚಿಯಲ್ಲಿ, ಆ ದಿನದ ಶುಭಸಂದೇಶ, 15 ನಿಮಿಷ’ ಎಂದು ಬರೆದರೆ ಸಂಕಲ್ಪ. ಅದರ ಕೆಳಗೆ ಕೆಟ್ಟ ದಿನಕ್ಕೊಂದು ಕನಿಷ್ಠ ಪ್ರಮಾಣವನ್ನೂ ಬರೆಯುತ್ತೇನೆ. ಜ್ವರ, ಪ್ರಯಾಣ, ಮನೆಗೆ ನೆಂಟರು, ಏನೇ ಇರಲಿ, ಅಂದು ಬೈಬಲಿನ 130ನೇ ಕೀರ್ತನೆ ಸಾಕು. ಎಂಟೇ ಚರಣ, ಎರಡು ನಿಮಿಷ. ಒಂದು ದಿನ ತಪ್ಪಿದರೆ ಮರುದಿನ ಎರಡರಷ್ಟು ಮಾಡಿ ಸರಿದೂಗಿಸಬಾರದು. ಹಾಗೆ ಮಾಡಿದರೆ ಪ್ರಾರ್ಥನೆ ಸಾಲವಾಗುತ್ತದೆ, ಸಾಲ ಕೊಟ್ಟವನಿಂದ ತಲೆ ತಪ್ಪಿಸಿಕೊಂಡು ಓಡಾಡುವಂತೆ ದೇವರಿಂದಲೂ ತಪ್ಪಿಸಿಕೊಂಡು ಓಡಾಡತೊಡಗುತ್ತೇವೆ. ತಪ್ಪಿದ್ದು ತಪ್ಪಿತು, ಎರಡು ದಿನ ಒಟ್ಟಿಗೆ ತಪ್ಪದಂತೆ ನೋಡಿಕೊಂಡರೆ ಆಯಿತು.

ಆ 15 ನಿಮಿಷ ಹೀಗೆ ಸಾಗುತ್ತದೆ. ಎರಡು ನಿಮಿಷ ಮೌನ. ನಾಲ್ಕು ನಿಮಿಷದಲ್ಲಿ ಓದು, ಒಮ್ಮೆ ಮನಸ್ಸಿನಲ್ಲಿ, ಇನ್ನೊಮ್ಮೆ ತುಟಿ ಅಲ್ಲಾಡಿಸಿ. ಎದೆಗೆ ತಾಕಿದ ಒಂದೇ ಸಾಲು ಹಿಡಿದು ಆರು ನಿಮಿಷ ಸುಮ್ಮನೆ ಕೂರುವುದು. ಕೊನೆಯ ಮೂರು ನಿಮಿಷ ಮೂರು ಹೆಸರುಗಳಿಗೆ. ಪ್ರೀತಿಪಾತ್ರರೊಬ್ಬರು, ಕಷ್ಟದಲ್ಲಿರುವವರೊಬ್ಬರು, ನನಗೆ ಆಗದವರೊಬ್ಬರು. ಈ ಮೂರನೆಯ ಹೆಸರಿನ ವಿಷಯಕ್ಕೆ ಆಮೇಲೆ ಬರುತ್ತೇನೆ.

ಉಪವಾಸದ ನಿಯಮ ಲ್ಯಾಟಿನ್ ಕಥೋಲಿಕ, ಅಂದರೆ ರೋಮನ್ ಕಥೋಲಿಕ ಪದ್ಧತಿಯಲ್ಲಿ ಹಗುರವಾಗಿಯೇ ಇದೆ. ಬೂದಿ ಬುಧವಾರ ಮತ್ತು ಶುಭ ಶುಕ್ರವಾರ (ಗುಡ್ ಫ್ರೈಡೇ) ಒಂದು ಪೂರ್ತಿ ಊಟ. ಬೇಕಿದ್ದರೆ ಎರಡು ಸಣ್ಣ ಊಟ, ಎರಡೂ ಸೇರಿ ಒಂದು ಪೂರ್ತಿ ಊಟದಷ್ಟಾಗಬಾರದು. ಇದು 18 ತುಂಬಿದವರಿಂದ 59 ತುಂಬುವವರೆಗೆ. ಮಾಂಸ ಬಿಡುವುದು 14 ತುಂಬಿದವರಿಗೆಲ್ಲ. ಕಾಯಿಲೆಯವರು, ಗರ್ಭಿಣಿಯರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಊಟ ಬಿಡಬಾರದು. ಅವರು ಬೇರೇನನ್ನಾದರೂ ಬಿಟ್ಟುಕೊಡಲಿ. ಪೌರಸ್ತ್ಯ, ಅಂದರೆ ಪೂರ್ವದ ಕ್ರೈಸ್ತ ಸಭೆಗಳ ನಿಯಮ ಬೇರೆ, ಬಹಳ ಮಟ್ಟಿಗೆ ಇನ್ನೂ ಕಠಿಣ.

ಕಾಫಿ ಬಿಡುವವರಿಗೆ ಒಂದು ಮಾತು. ದಿನಾ ಮೂರ್ನಾಲ್ಕು ಲೋಟ ಕುಡಿಯುವವರು ಬೂದಿ ಬುಧವಾರವೇ ಒಮ್ಮೆಲೇ ನಿಲ್ಲಿಸಿದರೆ 12ರಿಂದ 24 ಗಂಟೆಯೊಳಗೆ ತಲೆನೋವು ಶುರುವಾಗಬಹುದು, ಒಂದೆರಡು ದಿನ ಜೋರಾಗಿರಬಹುದು. ಆ ತಲೆನೋವಿನ ಸಿಡುಕನ್ನು ಅನುಭವಿಸುವವರು ಮನೆಯವರು. ಹಿಂದಿನ ವಾರದಿಂದಲೇ ಎರಡು ದಿನಕ್ಕೊಂದು ಲೋಟದಂತೆ ಕಡಿಮೆ ಮಾಡುತ್ತಾ ಬನ್ನಿ.

ಎಲ್ಲಕ್ಕಿಂತ ದೊಡ್ಡ ಅಪಾಯ ಆ ಸಿಡುಕೇ. ಹಸಿದ ಹೊಟ್ಟೆಯಲ್ಲಿ ಸಂಜೆ 4ರಿಂದ 7ರವರೆಗೆ ನನ್ನ ನಾಲಿಗೆ ಹರಿತವಾಗುತ್ತದೆ. ಯೆಶಾಯನ ಗ್ರಂಥದ 58ನೇ ಅಧ್ಯಾಯ ಇದನ್ನೇ ಬಯಲಿಗೆಳೆಯುತ್ತದೆ: ಉಪವಾಸ ಮಾಡುತ್ತೀರಿ, ಜಗಳವನ್ನೂ ಆಡುತ್ತೀರಿ. ಹಾಗಾಗಿ ಉಪವಾಸದ ದಿನ ಆ ಮೂರು ಗಂಟೆಗಳಲ್ಲಿ ಹಣದ ಮಾತು ಬೇಡ, ಮಕ್ಕಳ ಅಂಕಪಟ್ಟಿ ಬೇಡ, ಕೋಪದ ಸಂದೇಶಕ್ಕೆ ಮರುತ್ತರ ಬೇಡ. ನಾಲ್ಕು ಗಂಟೆಗೆ ನೀರು, ಸಣ್ಣ ಊಟದಲ್ಲಿ ಒಂದನ್ನು ಐದಕ್ಕೆ ಇಟ್ಟುಕೊಳ್ಳುವುದು. ಇಷ್ಟು ಮಾಡಿಯೂ ಮಾತು ಜಾರಿದರೆ ಅದೇ ರಾತ್ರಿ, ಮಲಗುವ ಮುನ್ನ, ಕ್ಷಮೆ ಕೇಳಬೇಕು. ‘ನಾನು ಗದರಿದೆ, ತಪ್ಪಾಯಿತು’ ಅಷ್ಟೇ. ‘ಆದರೆ’ ಎಂದು ಸೇರಿಸಿದರೆ ಅದು ಕ್ಷಮೆಯಲ್ಲ, ವಾದ.

ದಾನಕ್ಕೆ ದಾರಿ ಸರಳ. ಬಿಟ್ಟ ಊಟದ ಬೆಲೆಯನ್ನು ಅದೇ ದಿನ ಲಕೋಟೆಗೆ ಹಾಕುವುದು. ವಾರದ ಕೊನೆಗೆ ಒಟ್ಟು ಹಾಕುತ್ತೇನೆ ಎಂದರೆ ಹಣ ಉಳಿಯುವುದೇ ಇಲ್ಲ. 5ನೇ ಶತಮಾನದ ಪೋಪ್ ಸಂತ ಲಿಯೋ ಕೂಡ ತಮ್ಮ ಪ್ರಸಂಗಗಳಲ್ಲಿ ಉಪವಾಸದಲ್ಲಿ ಉಳಿದದ್ದು ಬಡವರ ಊಟವಾಗಬೇಕೆಂದು ಒತ್ತಿ ಹೇಳಿದ್ದರು.

ಈಗ ಮೂರನೇ ವಾರ. ಆಗ ಬರುವ ಬೇಸರಕ್ಕೆ ಹಳೆಯ ಹೆಸರಿದೆ, ಅಕೇಡಿಯ. 4ನೇ ಶತಮಾನದಲ್ಲಿ ಈಜಿಪ್ಟಿನ ಮರುಭೂಮಿಯಲ್ಲಿದ್ದ ಸನ್ಯಾಸಿ ಇವಾಗ್ರಿಯುಸ್ ಅದನ್ನು ಕಣ್ಣಿಗೆ ಕಟ್ಟುವಂತೆ ವರ್ಣಿಸಿದ್ದಾರೆ. ಸೂರ್ಯ ಕದಲುವುದೇ ಇಲ್ಲವೇನೋ ಎನಿಸುತ್ತದೆ, ಸನ್ಯಾಸಿ ಮತ್ತೆ ಮತ್ತೆ ಕಿಟಕಿಯತ್ತ ನೋಡುತ್ತಾನೆ, ಊಟದ ಹೊತ್ತಾಯಿತೇ ಎಂದು ಹೊರಗೆ ಹಣಕುತ್ತಾನೆ, ಈ ಜಾಗವೇ ಸರಿಯಿಲ್ಲ ಎನ್ನುತ್ತಾನೆ. ಅವರು ಗುರುತಿಸಿದ ಇನ್ನೊಂದು ಲಕ್ಷಣ ನನಗೆ ಬಹಳ ಮುಖ್ಯವೆನಿಸುತ್ತದೆ: ಸಹೋದರರ ನಡುವೆ ಪ್ರೀತಿಯೇ ಉಳಿದಿಲ್ಲ, ಸಮಾಧಾನ ಹೇಳುವವರೇ ಇಲ್ಲ ಎಂಬ ಯೋಚನೆ. ವಿಶ್ವಾಸದಲ್ಲಿ ಬೇಸರ ಬಂದಾಗ ಮೊದಲು ಹಳಸುವುದು ಜೊತೆಯವರ ಮೇಲಿನ ಪ್ರೀತಿ. ‘ಯಾರೂ ಸರಿಯಿಲ್ಲ’ ಎಂದು ಎರಡು ದಿನ ಸತತವಾಗಿ ಅನಿಸಿದರೆ, ದೋಷ ನನ್ನ ಪ್ರಾರ್ಥನೆಯಲ್ಲಿದೆಯೇ ಎಂದು ಮೊದಲು ನೋಡುತ್ತೇನೆ. ಹೆಚ್ಚಿನ ಸಲ ಅಲ್ಲೇ ಇರುತ್ತದೆ.

ಆ ವಾರ ಹಾಳೆಗೆ ಹೊಸದೇನನ್ನೂ ಸೇರಿಸಬಾರದು, ಯಾವುದನ್ನೂ ತೆಗೆಯಲೂಬಾರದು. ಅದೇ ಕುರ್ಚಿ, ಅದೇ ಹೊತ್ತು. ರುಚಿ ಇಲ್ಲದಿದ್ದರೂ ಗಡಿಯಾರದಲ್ಲಿ 15 ನಿಮಿಷ ಮುಗಿಯುವ ತನಕ ಏಳುವುದಿಲ್ಲ. ಇನ್ನೊಬ್ಬರ ಜೊತೆ ಶಿಲುಬೆ ಹಾದಿಗೆ, ಅಂದರೆ ಯೇಸುವಿನ ಕೊನೆಯ ಪಯಣದ 14 ಸ್ಥಳಗಳಲ್ಲಿ ನಿಂತು ಮಾಡುವ ಪ್ರಾರ್ಥನೆಗೆ, ಹೋಗುವುದಾಗಿ ಮೊದಲೇ ಮಾತು ಕೊಟ್ಟಿರುತ್ತೇನೆ. ನನಗಾಗಿ ಹೋಗಲು ಮನಸ್ಸಾಗದಿದ್ದರೂ ಅವರು ಕಾಯುತ್ತಿರುತ್ತಾರೆಂದು ಕಾಲು ಹೊರಡುತ್ತದೆ. 14 ಸ್ಥಳಗಳಲ್ಲೂ ಮನಸ್ಸು ನಿಲ್ಲಬೇಕೆಂದಿಲ್ಲ, ಒಂದರಲ್ಲಿ ನಿಂತರೆ ಸಾಕು. ನನಗೆ ಐದನೆಯದು, ಸಿರೇನ್ಯದ ಸಿಮೋನ ಶಿಲುಬೆಗೆ ಹೆಗಲು ಕೊಡುವುದು. ಅವನು ಮನಸ್ಸಿದ್ದು ಬಂದವನಲ್ಲ, ದಾರಿಯಲ್ಲಿ ಹಿಡಿದು ಹೊರಿಸಿದರು, ಆದರೂ ಹೊತ್ತ.

ಮೂರನೆಯ ಹೆಸರು, ಅಂದರೆ ನನಗೆ ಆಗದವರದ್ದು. ಮೊದಲ ಎರಡು ವಾರ ಹೆಸರು ಹೇಳಿ ಆಶೀರ್ವದಿಸೆಂದು ಕೇಳುವುದಷ್ಟೇ, ದೂರಿನ ಪಟ್ಟಿ ತೆರೆಯುವಂತಿಲ್ಲ. ಮೂರನೇ ವಾರ ಅವರಿಗೆ ಉಪಯೋಗವಾಗುವ ಒಂದು ಸಣ್ಣ ಕೆಲಸ, ಅವರಿಗೆ ತಿಳಿಯದಂತೆ. ಅವರ ಬಗ್ಗೆ ಬೇರೆಯವರ ಮುಂದೆ ನಿಜವಾದ ಒಂದು ಒಳ್ಳೆಯ ಮಾತಾಡಿದರೂ ಆದೀತು. ನಾಲ್ಕನೇ ವಾರ ನೇರವಾಗಿ ಎರಡು ಸಾಲು ಬರೆಯುವುದು ಅಥವಾ ಹೋಗಿ ಮಾತಾಡಿಸುವುದು. ಉತ್ತರ ಬಾರದಿದ್ದರೂ ಪ್ರಾರ್ಥನೆ ನಿಲ್ಲಿಸುವುದಿಲ್ಲ. ಹೊಡೆದವರು, ಹಿಂಸಿಸಿದವರು ಆಗಿದ್ದರೆ ಮಾತ್ರ ಈ ನಾಲ್ಕನೇ ವಾರದ ಹೆಜ್ಜೆ ಬೇಡವೇ ಬೇಡ. ಕ್ಷಮಿಸುವುದೆಂದರೆ ಅಪಾಯದ ಬಾಗಿಲನ್ನು ಮತ್ತೆ ತಟ್ಟುವುದಲ್ಲ.

ನಾಲ್ಕನೇ ಭಾನುವಾರ ಗುರುಗಳು ಗುಲಾಬಿ ಬಣ್ಣದ ಪೂಜಾವಸ್ತ್ರ ಧರಿಸಬಹುದು. ಅದು ಆನಂದದ ಭಾನುವಾರ. ಅಂದು ಹಾಳೆಯನ್ನು ಎದುರಿಗಿಟ್ಟುಕೊಂಡು ಕೂರುತ್ತೇನೆ. ಎಲ್ಲ ಮುರಿದುಬಿದ್ದಿದ್ದರೆ ಪ್ರತಿಯೊಂದನ್ನೂ ಅರ್ಧಕ್ಕಿಳಿಸಿ ಅಲ್ಲಿಂದಲೇ ಶುರು. ಈಸ್ಟರ್‌ಗೆ ಇನ್ನೂ ಸರಿಯಾಗಿ ಮೂರು ವಾರ ಇರುತ್ತದೆ. ಗುರುಗಳ ಬಳಿ ಪಾಪ ಒಪ್ಪಿಕೊಳ್ಳುವ ಪಾಪನಿವೇದನೆಯನ್ನೂ ಆ ವಾರವೇ ಮುಗಿಸುವುದು ಮೇಲು. ಈಸ್ಟರ್‌ಗೆ ಮುಂಚಿನ ಪವಿತ್ರ ವಾರದ ಸಾಲಿನಲ್ಲಿ ನಿಂತರೆ ಗುರುಗಳಿಗೂ ನಮಗೂ ಅವಸರ.

ಪವಿತ್ರ ಗುರುವಾರದೊಳಗೆ ಲಕೋಟೆ ಸೇರಬೇಕಾದ ಕೈ ಸೇರಿರುತ್ತದೆ. ಶನಿವಾರ ಸಂಜೆ ಈಸ್ಟರ್ ಜಾಗರಣೆಗೆ ಹೊರಡುವ ಮುಂಚೆ ಹಾಳೆಯ ಹಿಂಬದಿಯಲ್ಲಿ ಯಾವ ದಿನ ಬಿದ್ದೆ, ಯಾವ ಹೊತ್ತಿನಲ್ಲಿ, ಏಕೆ ಎಂದು ನಾಲ್ಕು ಸಾಲು ಬರೆದು, ಬೈಬಲ್‌ನಲ್ಲಿ ಮತ್ತಾಯನ 6ನೇ ಅಧ್ಯಾಯದ ಪುಟಕ್ಕೆ ಸೇರಿಸಿಡುತ್ತೇನೆ. ಮುಂದಿನ ಬೂದಿ ಬುಧವಾರ ಆ ಪುಟ ತೆರೆದಾಗ ಹಾಳೆ ಕೈಗೆ ಸಿಗುತ್ತದೆ. 2027ರಲ್ಲಿ ಬೂದಿ ಬುಧವಾರ ಫೆಬ್ರವರಿ 10ಕ್ಕೇ ಬರುತ್ತದೆ.