ಮೈಲೇಜ್ ಹೆಚ್ಚಬೇಕೇ? ಮೊದಲು ಸರಿಯಾಗಿ ಅಳೆಯಿರಿ

ಬೆಳಿಗ್ಗೆ ಧಾರವಾಡದಿಂದ ಹುಬ್ಬಳ್ಳಿಗೆ ಹೋಗುವಾಗ ಕಾರಿನ ಡಿಸ್‌ಪ್ಲೇ ಒಳ್ಳೆಯ ಮೈಲೇಜ್ ತೋರಿಸುತ್ತದೆ. ಸಂಜೆ ಅದೇ ದಾರಿಯಲ್ಲಿ ಮರಳುವಾಗ ಕಡಿಮೆ ತೋರಿಸುತ್ತದೆ. ಗಾಡಿ ಕೆಟ್ಟಿಲ್ಲ. ಧಾರವಾಡ ಎತ್ತರದಲ್ಲಿದೆ, ಹುಬ್ಬಳ್ಳಿ ತಗ್ಗಿನಲ್ಲಿದೆ, ಅಷ್ಟೇ. ಒಂದು ಕಡೆಯ ಓಟ ನೋಡಿ ಸುಮ್ನೆ ಗ್ಯಾರೇಜಿಗೆ ದುಡ್ಡು ಸುರಿಯಬೇಡಿ.

ಮೊದಲು ಅಳತೆ. ಟ್ಯಾಂಕ್ ಫುಲ್ ಮಾಡಿಸಿ. ಪಂಪ್ ತಾನಾಗಿ ಕಟ್ ಆದ ಕೂಡಲೇ ಸಾಕು ಎನ್ನಿ. ಟ್ರಿಪ್ ಮೀಟರನ್ನು ಸೊನ್ನೆಗೆ ತನ್ನಿ. 300–400 ಕಿ.ಮೀ. ಓಡಿಸಿ, ಅದೇ ಬಂಕಿನಲ್ಲಿ ಹಾಗೆಯೇ ಮತ್ತೆ ಫುಲ್ ಮಾಡಿಸಿ. 360 ಕಿ.ಮೀ. ಓಡಿ 24 ಲೀಟರ್ ಹಿಡಿದರೆ ನಿಮ್ಮ ಮೈಲೇಜ್ 15. ಎರಡು ಮೂರು ಟ್ಯಾಂಕ್ ಹೀಗೆ ಬರೆದಿಟ್ಟ ಮೇಲೆಯೇ ಮುಂದಿನ ಕೆಲಸ.

ಆಮೇಲೆ ಟೈರ್ ಗಾಳಿ. ಎಷ್ಟು ಹಾಕಿಸಬೇಕು ಎಂಬ ಚೀಟಿ ಸಾಮಾನ್ಯವಾಗಿ ಚಾಲಕನ ಬಾಗಿಲು ತೆರೆದರೆ ಕಾಣುತ್ತದೆ. ಟೈರಿನ ಮೇಲೆಯೇ ಅಚ್ಚಾಗಿರುವುದು ಗರಿಷ್ಠ ಮಿತಿ, ಅದನ್ನು ನೋಡಿ ಹಾಕಿಸಬೇಡಿ. ಬೆಳಿಗ್ಗೆ ಟೈರ್ ತಣ್ಣಗಿದ್ದಾಗಲೇ ಪರೀಕ್ಷಿಸಿ. ಗದಗಿನಿಂದ ಮಧ್ಯಾಹ್ನದ ಬಿಸಿಲಲ್ಲಿ ಬಂದ ಟೈರ್ ಒತ್ತಡ ಜಾಸ್ತಿ ತೋರಿಸುತ್ತದೆ. ಆಗ ಗಾಳಿ ಬಿಡಿಸಿದರೆ ಮರುದಿನ ಕಡಿಮೆ ಗಾಳಿಯಲ್ಲೇ ಓಡಿಸುತ್ತೀರಿ.

ನಮ್ಮ ಎರೆಮಣ್ಣಿನ ಧೂಳಿಗೆ ಏರ್ ಫಿಲ್ಟರ್ ಬೇಗ ಕಟ್ಟಿಕೊಳ್ಳುತ್ತದೆ. ಹಳ್ಳಿ ರಸ್ತೆಯಲ್ಲಿ ಓಡಾಟ ಹೆಚ್ಚಿದ್ದರೆ ಸರ್ವಿಸ್‌ವರೆಗೆ ಕಾಯದೆ ತೆಗೆದು ನೋಡಿ. ಆದರೆ ಇಂದಿನ ಪೆಟ್ರೋಲ್ ಕಾರುಗಳಲ್ಲಿ ಇದರ ಹೊಡೆತ ಮೈಲೇಜಿಗಿಂತ ಪಿಕಪ್‌ಗೇ ಜಾಸ್ತಿ. ಫಿಲ್ಟರ್ ಬದಲಿಸುವುದು ಎಂಜಿನ್ ಬಾಳಿಕೆಗಾಗಿ. ಎಂಜಿನ್ ಆಯಿಲ್ ಮಾತ್ರ ಕಾರಿನ ಪುಸ್ತಕದಲ್ಲಿ ಹೇಳಿದ ಗ್ರೇಡಿನದೇ ಇರಲಿ.

ಹೆಚ್ಚಿನ ಉಳಿತಾಯ ಇರುವುದು ಬಲಗಾಲಿನಲ್ಲಿ. ನವನಗರದ ಹತ್ತಿರ ದೂರದಲ್ಲೇ ಕೆಂಪು ದೀಪ ಕಾಣುತ್ತದೆ, ಅಲ್ವಾ? ಅಲ್ಲಿಂದಲೇ ಎಕ್ಸಲರೇಟರ್ ಬಿಡಿ, ಗೇರ್ ಹಾಗೇ ಇರಲಿ. ಫ್ಯೂಯೆಲ್ ಇಂಜೆಕ್ಷನ್ ಕಾರಿನಲ್ಲಿ ಆಗ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಇಂಧನ ಬಹುತೇಕ ನಿಂತೇಹೋಗುತ್ತದೆ. ಇಳಿಜಾರಿನಲ್ಲಿ ನ್ಯೂಟ್ರಲ್ ಮಾಡುವವರು ಉಳಿಸುತ್ತಿದ್ದೇವೆ ಎಂದುಕೊಳ್ಳುತ್ತಾರೆ. ನಿಜವಾಗಿ ನ್ಯೂಟ್ರಲ್‌ನಲ್ಲಿ ಎಂಜಿನ್ ಆರದಿರಲು ಪೆಟ್ರೋಲ್ ಕುಡಿಯುತ್ತಲೇ ಇರುತ್ತದೆ. ಎಂಜಿನ್ನಿನ ಹಿಡಿತವೂ ತಪ್ಪುತ್ತದೆ. ದಯವಿಟ್ಟು ಈ ಅಭ್ಯಾಸ ಬಿಡಿ.

ಹಾವೇರಿ ಕಡೆಯ ಹೆದ್ದಾರಿಯಲ್ಲಿ ವೇಗ 80ರಿಂದ 100ಕ್ಕೆ ಏರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚಾಗುತ್ತದೆ. ಅಲ್ಲಿ ಕಿಟಕಿ ಮುಚ್ಚಿ ಎ.ಸಿ. ಹಾಕಿಕೊಳ್ಳಿ. ಊರೊಳಗೆ ನಿಧಾನವಾಗಿ ಹೋಗುವಾಗ ಕಿಟಕಿ ತೆಗೆದರೆ ಸಾಕು. ಮದುವೆಗೆಂದು ಹಾಕಿಸಿದ ಮೇಲಿನ ಕ್ಯಾರಿಯರ್ ಕೆಲಸ ಮುಗಿದ ಕೂಡಲೇ ಇಳಿಸಿಡಿ. ರೈಲ್ವೆ ಗೇಟ್ ಬಿದ್ದರೆ ಎಂಜಿನ್ ಆರಿಸಿ.

ಇಷ್ಟು ಮಾಡಿ ಮತ್ತೆ ಅಳೆಯಿರಿ. ಓಡಾಟ ಹಿಂದಿನಂತೆಯೇ ಇದ್ದೂ ಮೈಲೇಜ್ ಏಕಾಏಕಿ ಎರಡು ಮೂರು ಕಿ.ಮೀ. ಇಳಿದಿದ್ದರೆ ಬ್ರೇಕ್ ಹಿಡಿದುಕೊಂಡಿರಬಹುದು. ಸಮತಟ್ಟಾದ ಜಾಗದಲ್ಲಿ ಕಾರು ನ್ಯೂಟ್ರಲ್‌ಗೆ ಹಾಕಿ, ಹ್ಯಾಂಡ್‌ಬ್ರೇಕ್ ಬಿಟ್ಟು, ಒಬ್ಬರನ್ನು ಒಳಗೆ ಕೂರಿಸಿ ಮೆಲ್ಲಗೆ ತಳ್ಳಿ ನೋಡಿ. ಸಲೀಸಾಗಿ ಉರುಳದಿದ್ದರೆ ಮೆಕ್ಯಾನಿಕ್‌ಗೆ ತೋರಿಸಿ, ನಿಮ್ಮ ಲೆಕ್ಕದ ಚೀಟಿಯನ್ನೂ ಜೊತೆಗೆ ಒಯ್ಯಿರಿ.