ತಗಡಿನ ಶೆಡ್ಡಿನ ಕಾವು ಇಳಿಸಿದ ಬಗೆ

ಕಲಬುರಗಿಯ ಕಪನೂರು ಕೈಗಾರಿಕಾ ಪ್ರದೇಶದಲ್ಲಿ ಗೇಟು, ಗ್ರಿಲ್ಲು ಮತ್ತು ಟ್ರ್ಯಾಕ್ಟರ್ ಟ್ರೇಲರ್ ತಯಾರಿಸುವ ನಮ್ಮ ಶೆಡ್ಡು 40 ಅಡಿ ಅಗಲ, 60 ಅಡಿ ಉದ್ದವಿದೆ. ಚಾವಣಿ ಹೊರಲು ಕಬ್ಬಿಣದ ಟ್ರಸ್ (ತ್ರಿಕೋನದ ಚೌಕಟ್ಟು), ಮೇಲೆ ಗ್ಯಾಲ್ವಲೂಮ್ ಎಂಬ ಲೇಪಿತ ಉಕ್ಕಿನ ಶೀಟು, ಗೋಡೆಯೂ ಶೀಟಿನದೇ. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ಊರಿನಲ್ಲಿ, ತಗಡಿನ ಕೆಳಗೆ ನಿಂತು ವೆಲ್ಡಿಂಗ್ ಮಾಡುವವರ ಪಾಡನ್ನು ವಿವರಿಸಬೇಕಾಗಿಲ್ಲ. 2025ರವರೆಗೆ ಜಾರಿಯಲ್ಲಿದ್ದ 1948ರ ಕಾರ್ಖಾನೆ ಕಾಯ್ದೆಯ 13ನೆಯ ಕಲಮು, ಒಳಗಿನ ಉಷ್ಣತೆ ಸಾಧ್ಯವಾದಷ್ಟು ಕಡಿಮೆ ಇರುವಂತೆ ಗೋಡೆ ಮತ್ತು ಚಾವಣಿಗಳನ್ನು ರೂಪಿಸಬೇಕೆಂದು ಹೇಳುತ್ತಿತ್ತು. ಅಂಥ ಕಾಯ್ದೆಗೆ ಒಳಪಡದ ಸಣ್ಣ ಶೆಡ್ಡಿನ ಮಾಲಕನಿಗೂ ಈ ಹೊಣೆ ತಪ್ಪಬಾರದು ಎಂಬುದು ನನ್ನ ದೃಢವಾದ ನಂಬಿಕೆ.

ಕೆಲಸಕ್ಕೆ ಕೈ ಹಾಕುವ ಮುನ್ನ ಕಾವು ಎಲ್ಲಿಂದ ಬರುತ್ತಿದೆ ಎಂಬುದನ್ನು ಅಳೆದೆವು. ಹೊರಗಿನ ನೆರಳಿನಲ್ಲಿ 41 ಡಿಗ್ರಿ ಇದ್ದ ಒಂದು ಮಧ್ಯಾಹ್ನ ಇನ್‌ಫ್ರಾರೆಡ್ ಥರ್ಮಾಮೀಟರನ್ನು ಮೇಲಕ್ಕೆ ಹಿಡಿದಾಗ ಶೀಟಿನ ಒಳಮೈ 63 ಡಿಗ್ರಿ ತೋರಿಸಿತು. ಹೊಳೆಯುವ ಹೊಸ ಶೀಟು ಬಿಸಿಲನ್ನು ಸಾಕಷ್ಟು ಹಿಂದಕ್ಕೆ ಕಳುಹಿಸುತ್ತದೆ ಎಂಬುದು ನಿಜವಾದರೂ, ಹೀರಿಕೊಂಡ ಶಾಖವನ್ನು ಆಕಾಶಕ್ಕೆ ಹೊರಸೂಸುವ ಗುಣ ಬರಿಯ ಲೋಹದ ಮೈಗೆ ತೀರಾ ಕಡಿಮೆ. ಆದ್ದರಿಂದ ಅದು ಕಾಯುತ್ತಲೇ ಹೋಗುತ್ತದೆ. ಒಳಮೈಗೆ ವರ್ಷಗಟ್ಟಲೆ ಹಿಡಿದ ಹೊಗೆ ಮತ್ತು ಧೂಳು ಮಾತ್ರ ಆ ಶಾಖವನ್ನು ಕೆಳಗಿದ್ದವರ ತಲೆಯ ಮೇಲೆ ಧಾರಾಳವಾಗಿ ಸೂಸುತ್ತವೆ. ಫ್ಯಾನು ಎಷ್ಟೇ ಜೋರಾಗಿ ತಿರುಗಿದರೂ ಈ ಝಳ ತಡೆಯಲಾರದು, ಏಕೆಂದರೆ ಅದು ಗಾಳಿಯ ಮೂಲಕ ಬರುವುದಲ್ಲ, ಕಿರಣಗಳಾಗಿ ನೇರವಾಗಿ ಬರುವುದು.

ಹೀಗಾಗಿ ಕೂಲರಿನ ಯೋಚನೆಯನ್ನು ಬದಿಗಿಟ್ಟು ಮೊದಲು ಚಾವಣಿಯನ್ನು ಹಿಡಿದೆವು. ನಮ್ಮ ಭಾಗದಲ್ಲಿ ಚಾವಣಿಗೆ ಸುಣ್ಣ ಬಳಿಯುವ ರೂಢಿಯಿದೆ. ಆರ್‌ಸಿಸಿ ಮನೆಗೆ ಅದು ಸರಿ. ಆದರೆ ಗ್ಯಾಲ್ವಲೂಮ್ ಶೀಟಿನ ಲೇಪದಲ್ಲಿ ಅರ್ಧಕ್ಕಿಂತ ಹೆಚ್ಚು ಅಲ್ಯೂಮಿನಿಯಂ, ಉಳಿದದ್ದು ಬಹುಪಾಲು ಸತು ಇರುವುದರಿಂದ ಹಸಿ ಸುಣ್ಣದ ಕ್ಷಾರ ಅದನ್ನು ತಿನ್ನುತ್ತದೆ. ಅದಕ್ಕಾಗಿ ಶೀಟನ್ನು ತೊಳೆದು, ತುಕ್ಕು ಕಾಣಿಸಿದ ಸ್ಕ್ರೂಗಳ ಸುತ್ತ ಪ್ರೈಮರ್ ಹಚ್ಚಿ, ವಾಷರ್ ಒಣಗಿ ಬಿರುಕು ಬಿಟ್ಟಲ್ಲಿ ಹೊಸದನ್ನು ಹಾಕಿ, ಆಮೇಲೆ ಲೋಹಕ್ಕೆಂದೇ ಮಾರುವ ಬಿಳಿಯ ಅಕ್ರಿಲಿಕ್ ಕೂಲ್ ರೂಫ್ ಬಣ್ಣವನ್ನು ಎರಡು ಕೋಟು ಹೊಡೆಸಿದೆವು. ಬೆಳಗಿನ ಜಾವ ಶೀಟು ತಣ್ಣಗಿರುವಾಗಲೇ ಬಣ್ಣ ಬಳಿಯಬೇಕು. ಕಾದ ತಗಡಿನ ಮೇಲೆ ಅದು ಹರಡುವ ಮೊದಲೇ ಒಣಗಿ ಪದರು ಏಳುತ್ತದೆ. ಹೊರಗೆ ಅಷ್ಟೇ ಬಿಸಿಲಿದ್ದ ಇನ್ನೊಂದು ಮಧ್ಯಾಹ್ನ ಅದೇ ಜಾಗದಲ್ಲಿ ಅಳೆದಾಗ 47 ಡಿಗ್ರಿ ಬಂತು. ವ್ಯತ್ಯಾಸ 16 ಡಿಗ್ರಿಯಾದರೂ, ಸೂಸುವ ಶಾಖ ಕೆಲ್ವಿನ್ ಮಾನದಲ್ಲಿ ಅಳೆದ ಉಷ್ಣತೆಯ ನಾಲ್ಕನೆಯ ಘಾತಕ್ಕೆ ಅನುಗುಣವಾಗಿರುವುದರಿಂದ, ಸುಮಾರು 35 ಡಿಗ್ರಿಯ ಚರ್ಮಕ್ಕೆ ಮೇಲಿನಿಂದ ತಗಲುವ ಹೆಚ್ಚುವರಿ ಝಳ ಲೆಕ್ಕದ ಪ್ರಕಾರ ಅರ್ಧಕ್ಕಿಂತಲೂ ಕೆಳಗಿಳಿಯುತ್ತದೆ. ಥರ್ಮಾಮೀಟರನ್ನು ನೋಡದೆಯೇ ನಮ್ಮ ಹಿರಿಯ ವೆಲ್ಡರ್, ‘ಮಾಲಕ್ರೀ, ನೆತ್ತಿ ಮ್ಯಾಲಿನ ಉರಿ ಹೋಗ್ಯಾದ ನೋಡ್ರಿ’ ಎಂದರು.

ದಿನವಿಡೀ ಒಂದೇ ಕಡೆ ನಿಂತು ಕೆಲಸ ಮಾಡುವ ಬೆಂಚುಗಳ ಮೇಲ್ಭಾಗಕ್ಕೆ ಮಾತ್ರ, ಶೀಟು ಹೊರುವ ಅಡ್ಡಪಟ್ಟಿಗಳಾದ ಪರ್ಲಿನ್‌ಗಳ ಕೆಳಗೆ ಜಾಲರಿ ಬಿಗಿದು, 50 ಮಿಲಿಮೀಟರ್ ದಪ್ಪದ ಗ್ಲಾಸ್‌ವೂಲನ್ನು ಫಾಯಿಲ್ ಮುಖ ಕೆಳಗಿರುವಂತೆ ಹಾಸಿದೆವು. ಇಡೀ ಶೆಡ್ಡಿಗೆ ಹಾಕುವಷ್ಟು ಹಣ ಆಗ ಇರಲಿಲ್ಲ. ಥರ್ಮಾಕೋಲ್ ಅಗ್ಗ ಎಂದು ಸಲಹೆ ಕೊಟ್ಟವರಿದ್ದರು. ಗ್ರೈಂಡರಿನ ಕಿಡಿ ಹಾರುವ ಜಾಗದಲ್ಲಿ ಥರ್ಮಾಕೋಲನ್ನಾಗಲಿ ಪ್ಲಾಸ್ಟಿಕ್ ಗುಳ್ಳೆಯ ಹಾಳೆಯನ್ನಾಗಲಿ ತಲೆಯ ಮೇಲೆ ಕಟ್ಟುವುದು ಜೀವದೊಡನೆ ಆಡುವ ಆಟ; ಬೆಂಕಿ ಹತ್ತಿದರೆ ಅದು ಕರಗಿ ಉರಿಯುತ್ತಲೇ ಕೆಳಗೆ ತೊಟ್ಟಿಕ್ಕುತ್ತದೆ. ಈ ಒಂದು ವಿಷಯದಲ್ಲಿ ಉಳಿತಾಯದ ಮಾತನ್ನು ಯಾರೂ ಕೇಳಬಾರದು.

ಗಾಳಿಯ ವಿಚಾರಕ್ಕೆ ಬಂದರೆ, ಸುತ್ತಲಿನ ಶೆಡ್ಡುಗಳಲ್ಲಿ ನಾನು ಕಂಡಂತೆ ಮೇಲೆ ಬಿಸಿಗಾಳಿ ಹೊರಹಾಕುವ ಟರ್ಬೊ ವೆಂಟಿಲೇಟರ್ ತಿರುಗುತ್ತಿರುತ್ತದೆ, ಕೆಳಗೆ ಗಾಳಿ ಒಳಬರಲು ಒಂದು ಕಿಂಡಿಯೂ ಇರುವುದಿಲ್ಲ. ಬಿಸಿಗಾಳಿ ಮೇಲೇರಿ ಹೊರಹೋಗಬೇಕಾದರೆ ಅಷ್ಟೇ ಗಾಳಿ ತಳದಿಂದ ಬರಬೇಕು. ನಾವು ಚಾವಣಿಯ ಎರಡು ಇಳಿಜಾರು ಕೂಡುವ ನೆತ್ತಿಯುದ್ದಕ್ಕೂ ಸಂದು ಬಿಟ್ಟು ಮೇಲೆ ಮಳೆ ತಡೆಯುವ ಟೋಪಿ ಕೂಡಿಸಿದೆವು. ಆ ಸಂದಿಗಿಂತ ಕಡಿಮೆಯಿಲ್ಲದಷ್ಟು ವಿಸ್ತಾರದ ಲೂವರ್‌ಗಳನ್ನು (ಓರೆಪಟ್ಟಿಯ ಗಾಳಿಕಿಂಡಿಗಳನ್ನು) ನೆರಳಿರುವ ಉತ್ತರದ ಗೋಡೆಯ ತಳದಲ್ಲಿ ಕೊರೆದೆವು. ಲೂವರಿಗೆ ಗಟ್ಟಿ ಜಾಲರಿ ಇರುವುದರಿಂದ ಕಳ್ಳರ ಭಯವಿಲ್ಲದೆ ರಾತ್ರಿಯೂ ತೆರೆದಿಡಬಹುದು, ಮುಂಜಾನೆಯ ಹೊತ್ತಿಗೆ ಕಾಂಕ್ರೀಟ್ ನೆಲ ತಣಿದಿರುತ್ತದೆ. ಪಶ್ಚಿಮದ ಗೋಡೆಗೆ ಎರಡಡಿ ಅಂತರ ಬಿಟ್ಟು ಹಸಿರು ನೆಟ್ ಕಟ್ಟಿ, ಅದರಾಚೆ ಹೊಂಗೆ ಮತ್ತು ಬೇವಿನ ಸಸಿಗಳನ್ನು ನೆಟ್ಟಿದ್ದೇವೆ.

ಇಷ್ಟಾದ ಮೇಲೆ ಕೂಲರ್ ತಂದೆವು. ಹೊರಗಿನ ಗಾಳಿ 42 ಡಿಗ್ರಿ ಇದ್ದಾಗ ಕಿಂಡಿಗಳಿಂದ ಬರುವುದೂ ಅದೇ ಗಾಳಿ. ಅದನ್ನು ತಂಪಾಗಿಸಲು ನಮ್ಮ ಒಣಹವೆಯಲ್ಲಿ ನೀರಿಗಿಂತ ಅಗ್ಗದ ಸಾಧನವಿಲ್ಲ. ಆರ್ದ್ರತೆ ಶೇ 20ರ ಆಸುಪಾಸಿನಲ್ಲಿದ್ದರೆ ಒದ್ದೆ ಬಲ್ಬಿನ ಉಷ್ಣತೆ, ಎಂದರೆ ನೀರು ಆವಿಯಾಗಿ ಗಾಳಿ ತಣಿಯಬಹುದಾದ ಮಿತಿ, ಸುಮಾರು 24 ಡಿಗ್ರಿ ಇರುತ್ತದೆ, ಒಳ್ಳೆಯ ಜೇನುಗೂಡು ಪ್ಯಾಡಿನ ಕೂಲರು 28ರಿಂದ 30 ಡಿಗ್ರಿಯ ಗಾಳಿ ಕೊಡುತ್ತದೆ. ಮಂಗಳೂರಿನ ಹವೆಯಲ್ಲಿ ಇದೇ ಯಂತ್ರ ಮೈ ಜಿಗುಟು ಮಾಡುವುದಷ್ಟೇ. ನಮ್ಮಲ್ಲಿಯೂ ಜೂನಿನ ಮಳೆ ಹಿಡಿದ ಮೇಲೆ ಅದರ ಪ್ರಯೋಜನ ಮುಗಿಯಿತು. ಕೂಲರಿನ ಗಾಳಿಯನ್ನು ಬೆಂಚುಗಳ ಕಡೆಗೆ ಮಾತ್ರ ಡಕ್ಟಿನಲ್ಲಿ ಒಯ್ದಿದ್ದೇವೆ. ಬೆಸುಗೆಯ ಸುತ್ತ ರಕ್ಷಕ ಅನಿಲ ಹಾಯಿಸುವ ಮಿಗ್ ವೆಲ್ಡಿಂಗ್ ನಡೆಯುವಲ್ಲಿ ಡಕ್ಟಿನ ಬಾಯಿ ಕೆಲಸಗಾರನ ಬೆನ್ನಿನ ಕಡೆಗಿದ್ದು, ಆರ್ಕಿನ ಬಳಿ ಗಾಳಿ ಗಂಟೆಗೆ 8 ಕಿಲೋಮೀಟರಿನ ವೇಗ ಮೀರದಂತೆ ನೋಡಿಕೊಳ್ಳುತ್ತೇವೆ. ಮೀರಿದರೆ ಆ ಅನಿಲ ಚದುರಿ ಬೆಸುಗೆಯಲ್ಲಿ ಸೂಜಿಮೊನೆಯಂಥ ರಂಧ್ರಗಳು ಬೀಳುತ್ತವೆ.

ಬೋರಿನ ನೀರು ಗಡುಸಾದ್ದರಿಂದ ಪ್ಯಾಡಿನ ಮೇಲೆ ಬಿಳಿಯ ಗಡ್ಡೆ ಕಟ್ಟುತ್ತದೆ. ಅದಕ್ಕಾಗಿ ತೊಟ್ಟಿಯ ನೀರನ್ನು ಆಗಾಗ ಪೂರ್ತಿ ಖಾಲಿ ಮಾಡಿ ಹೊಸ ನೀರು ತುಂಬಿಸಬೇಕು. ಚಾವಣಿಯ ಬಿಳುಪು ಧೂಳು ಕೂತಂತೆ ಮಂಕಾಗಿ ಬಿಸಿಲನ್ನು ಮತ್ತೆ ಹೀರತೊಡಗುವುದರಿಂದ, ಫೆಬ್ರುವರಿಯ ಕೊನೆಯಲ್ಲೊಮ್ಮೆ ಮೆತ್ತನೆಯ ಬ್ರಷ್ಷಿನಿಂದ ಅದನ್ನು ತೊಳೆಸುತ್ತೇವೆ; ತೊಳೆಯುವವರು ಸ್ಕ್ರೂ ಇರುವ ಸಾಲಿನ ಮೇಲೆಯೇ ಹಲಗೆ ಹಾಸಿಕೊಂಡು, ಭುಜ, ಎದೆ, ತೊಡೆಗಳನ್ನು ಹಿಡಿಯುವ ಸೇಫ್ಟಿ ಹಾರ್ನೆಸ್ ಕಟ್ಟಿಕೊಂಡೇ ಮೇಲೆ ಹೋಗಬೇಕು.