ಮುಟುರು ಎಲೆ ಹಿಡಿದು ವೈರಸ್ ಹುಡುಕಿದ್ದು

ಸಿರುಗುಪ್ಪ, ಕುರುಗೋಡು ಕಡೆ ಮೆಣಸಿನ ಗಿಡ ಮುದುಡಿದರೆ ಎಲ್ಲದಕ್ಕೂ ಒಂದೇ ಹೆಸರು, ಮುಟುರು. ಥ್ರಿಪ್ಸ್ ಹುಳ ಬಂದರೂ ಮುಟುರು, ಮೈಟ್ ನುಸಿ ಬಂದರೂ ಮುಟುರು. ನನಗೆ ಬೇಕಿದ್ದದ್ದು ಬಿಳಿ ನೊಣ ಹರಡುವ ಬೆಗೊಮೊ ವೈರಸ್. ಅದರಲ್ಲಿ ಎಷ್ಟು ಬಗೆ ಇವೆ ಅಂತ ನೋಡಬೇಕಿತ್ತು.

ಮೈಟ್ ಆದರೆ ಎಲೆ ಕೆಳಕ್ಕೆ ಬಾಗುತ್ತದೆ, ತೊಟ್ಟು ಉದ್ದವಾಗುತ್ತದೆ. ವೈರಸ್ ಆದರೆ ಎಲೆ ಮೇಲಕ್ಕೆ ಸುರುಳಿ, ನರ ದಪ್ಪ, ಗಿಡ ಗಿಡ್ಡ. ಇದೆಲ್ಲ ಓದೋಕೆ ಚೆಂದ, ಹೊಲದಲ್ಲಿ ಎಲ್ಲವೂ ಒಂದೇ ಗಿಡದ ಮೇಲೆ ಕೂತಿರುತ್ತವೆ.

ತುದಿಯ ಎಳೆ ಎಲೆ ಕಿತ್ತು, ಟಿಶ್ಯೂ ಪೇಪರಿನಲ್ಲಿ ಸುತ್ತಿ, ತೇವ ಹೀರುವ ಸಿಲಿಕಾ ಜೆಲ್ ಹಾಕಿದ ಕವರಿನಲ್ಲಿ ಇಡುತ್ತಿದ್ದೆ. ಇವು ಡಿಎನ್‌ಎ ವೈರಸ್, ಹಾಗಾಗಿ ಒಣಗಿಸಿದ ಎಲೆ ನಮ್ಮ ಬಳ್ಳಾರಿ ಬಿಸಿಲನ್ನೂ ತಡೆಯುತ್ತದೆ. ಆರ್‌ಎನ್‌ಎ ವೈರಸ್ ಹುಡುಕುವವರು ಇದನ್ನು ನಂಬಿಕೊಳ್ಳಬೇಡಿ, ತಂಪಿನಲ್ಲೇ ತನ್ನಿ. ಇನ್ನೊಂದು ಮಾತು, ಪೂರ್ತಿ ಮುದುಡಿದ ಗಿಡಗಳನ್ನೇ ಆರಿಸಿದರೆ ಜೋರಾದ ವೈರಸ್ ಮಾತ್ರ ಕೈಗೆ ಸಿಗುತ್ತದೆ. ನಾನು ಸ್ವಲ್ಪವೇ ಹಳದಿಯಾದ ಗಿಡ, ಪಕ್ಕದ ಟೊಮೆಟೊ, ಬದುವಿನ ಕಳೆ ಎಲ್ಲವನ್ನೂ ತಂದೆ. ಒಬ್ಬ ರೈತರು, 'ಸರ, ರೋಗ ಈ ಕಡಿ ಐತ್ರಿ, ನೀವು ಕಸ ಕೀಳಾಕತ್ತೀರಲ್ಲ' ಅಂದರು.

ಲ್ಯಾಬಿನಲ್ಲಿ ಪಿಸಿಆರ್ ಮಾಡಿ (ಬೇಕಾದ ಡಿಎನ್‌ಎ ತುಂಡನ್ನು ಹೆಚ್ಚಿಸುವ ವಿಧಾನ), ವೈರಸ್ಸಿನ ಹೊರ ಕವಚ ಕಟ್ಟುವ ಕೋಟ್ ಪ್ರೋಟೀನ್ ಜೀನ್ ಒಂದನ್ನೇ ಓದಿದರೆ ಖರ್ಚು ಕಡಿಮೆ. ಆದರೆ ಒಂದೇ ಗಿಡಕ್ಕೆ ಎರಡು ವೈರಸ್ ಹೊಕ್ಕಾಗ ತಮ್ಮ ತುಂಡುಗಳನ್ನು ಅದಲು ಬದಲು ಮಾಡಿಕೊಳ್ಳುತ್ತವೆ, ಒಂದು ಜೀನ್ ನೋಡಿದರೆ ಅದು ಗೊತ್ತೇ ಆಗಲ್ಲ. ಅದಕ್ಕೇ ಪೂರ್ತಿ ಜೀನೋಮ್, ಅಂದರೆ ವೈರಸ್ಸಿನ ಇಡೀ ಡಿಎನ್‌ಎ ಹಿಡಿದೆ. ಅದು ಉಂಗುರದ ಹಾಗೆ, ಸುಮಾರು 2,700 ಅಕ್ಷರ ಅಷ್ಟೇ. ಡಿಎನ್‌ಎ ನಕಲು ಮಾಡುವ ಫೈ29 ಎಂಜೈಮ್ ಹಾಕಿ ರಾತ್ರಿಯಿಡೀ 30 ಡಿಗ್ರಿಯಲ್ಲಿ ಬಿಟ್ಟರೆ ಉಂಗುರಗಳು ಬೇಕಾದಷ್ಟು ಹೆಚ್ಚುತ್ತವೆ. ಆಮೇಲೆ ಕತ್ತರಿಸುವ ಎಂಜೈಮ್ ಹಾಕಿ, ತುಂಡುಗಳು ಉದ್ದದ ಪ್ರಕಾರ ಬೇರೆಯಾಗುವಂತೆ ಜೆಲ್ ಓಡಿಸಬೇಕು. ಒಂದೇ ಕಡೆ ಕತ್ತರಿಸಿದರೆ 2,700ರ ಹತ್ತಿರ ಒಂದು ಪಟ್ಟಿ. ತುಂಡುಗಳನ್ನು ಕೂಡಿದಾಗ ಅದಕ್ಕಿಂತ ಜಾಸ್ತಿ ಬಂದರೆ, ಒಳಗೆ ಇನ್ನೊಬ್ಬರು ಇದ್ದಾರೆ ಅನ್ನೋ ಅನುಮಾನ. 1,350ರ ಹತ್ತಿರ ಕಂಡದ್ದು ಬಹುಪಾಲು ಬೀಟಾ ಸ್ಯಾಟಲೈಟ್, ವೈರಸ್ ಜೊತೆ ಬಂದು ರೋಗ ಜೋರು ಮಾಡುವ ಬಾಲಂಗೋಚಿ ಡಿಎನ್‌ಎ.

ಈಗಾಗಲೇ ಗೊತ್ತಿರುವ ವೈರಸ್‌ಗಳ ಜೊತೆ ಸೀಕ್ವೆನ್ಸ್ (ಅಕ್ಷರಗಳ ಸಾಲು) ಹೋಲಿಕೆ ಶೇ. 91ಕ್ಕಿಂತ ಕಡಿಮೆ ಇದ್ದರೆ ಹೊಸ ಪ್ರಭೇದ ಅಂತ ನಿಯಮ. ಆ ಗೆರೆಗೆ ನಾನು ಅಷ್ಟೊಂದು ಬೆಲೆ ಕೊಡಲ್ಲ. ಯಾವ ತುಂಡು ಎಲ್ಲಿಂದ ಬಂತು ಅನ್ನೋದೇ ಮುಖ್ಯ, ಯಾಕಂದ್ರೆ ಒಂದು ವೈರಸ್ ತಡೆಯುವ ಹೈಬ್ರಿಡ್ ತಳಿ ಈ ಬೆರಕೆ ವೈರಸ್ ಮುಂದೆ ನಿಲ್ಲದೇ ಹೋಗಬಹುದು.

ರೈತರು ಕೇಳೋದು ಮಾತ್ರ, 'ಯಾವ ಎಣ್ಣಿ ಹೊಡೀಬೇಕ್ರಿ?' ವೈರಸ್‌ಗೆ ಎಣ್ಣೆ, ಅಂದರೆ ಹೊಡೆಯುವ ಔಷಧಿ ಇಲ್ಲ. ಸಸಿ ಮಡಿಗೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟಿ, ನಾಟಿ ಆದ ಮೇಲೆ ಮುದುಡಿದ ಗಿಡ ಕಂಡ ಕೂಡಲೇ ಕಿತ್ತು ಹೂಳಿ ಅಂತ ಹೇಳಿ ಬರುತ್ತೇನೆ.